ಬೇಸಿಗೆಯ ಲ್ಯಾಬಿಗೆ ದಸರಾದಲ್ಲೇ ತಯಾರಿ

ಪರೀಕ್ಷೆ ಹತ್ತಿರವಾದಾಗ, ಏಪ್ರಿಲ್‌ನಲ್ಲಿ, ‘ರಜೆಯಲ್ಲಿ ಎಲ್ಲಾದರೂ ಪ್ರಾಜೆಕ್ಟ್ ಸಿಗುತ್ತಾ ಸರ್?’ ಎಂದು ಕೇಳುವ ಬಿಎಸ್‌ಸಿ, ಬಿಇ ವಿದ್ಯಾರ್ಥಿಗಳು ಎಲ್ಲ ಕಾಲೇಜುಗಳಲ್ಲೂ ಇದ್ದಾರೆ. ಸ್ಟೈಪೆಂಡ್ ಕೊಟ್ಟು, ಎರಡು ತಿಂಗಳು ವಿಜ್ಞಾನಿಗಳ ಜೊತೆ ಕೂರಿಸಿಕೊಳ್ಳುವ ದೊಡ್ಡ ಕಾರ್ಯಕ್ರಮಗಳ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ. ಅಂಕ ಕಡಿಮೆಯಾಗಿ ಅವಕಾಶ ತಪ್ಪಿದವರಿಗಿಂತ ತಡವಾಗಿ ಕೇಳಿ ತಪ್ಪಿಸಿಕೊಂಡವರೇ ಹೆಚ್ಚು ಎಂಬುದು ನನ್ನ ಅನಿಸಿಕೆ.

ಎಲ್ಲಕ್ಕಿಂತ ಮೊದಲು ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಗಮನಿಸಿ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ಇನ್ಸಾ, ಪ್ರಯಾಗ್‌ರಾಜ್‌ನ ನಾಸಿ ಇದರ ಹಿಂದಿವೆ. ದೇಶದ ಯಾವ ಮೂಲೆಯ ಪದವಿ ಕಾಲೇಜಿನವರೂ ಅರ್ಜಿ ಹಾಕಬಹುದು. ಆಯ್ಕೆಯಾದರೆ ಎಂಟು ವಾರಗಳ ಕೆಲಸ, ಮಾಸಿಕ ಸ್ಟೈಪೆಂಡ್, ರೈಲು ಪ್ರಯಾಣದ ವೆಚ್ಚ. ಸಾಮಾನ್ಯವಾಗಿ ಅರ್ಜಿ ಸ್ವೀಕಾರ ನವೆಂಬರ್ ಹೊತ್ತಿಗೇ ಮುಗಿಯುತ್ತದೆ. ಹಾಗಾಗಿ ದಸರಾ ರಜೆಯೇ ತಯಾರಿಗೆ ಸರಿಯಾದ ಸಮಯ.

ಅದರ ಬೆನ್ನಿಗೆ ಉಳಿದವು ಬರುತ್ತವೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರ ತನ್ನದೇ ಬೇಸಿಗೆ ಫೆಲೋಶಿಪ್ ಕೊಡುತ್ತದೆ. ಪದವಿಯ ಆರಂಭದಲ್ಲಿರುವ ರಸಾಯನಶಾಸ್ತ್ರ, ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದಕ್ಕಿಂತ ಹೆಚ್ಚು ಬೇಸಿಗೆ ಅಲ್ಲಿಗೆ ಹೋಗಿ ಕಲಿಯುವ ಕಾರ್ಯಕ್ರಮಗಳೂ ಅಲ್ಲಿವೆ. ಮುಂಬೈನ ಟಿಐಎಫ್‌ಆರ್ ಹೊಸ ವರ್ಷದ ಆರಂಭದ ಹೊತ್ತಿಗೆ ಅರ್ಜಿ ಕರೆಯುತ್ತದೆ. ಖಗೋಳದ ಹುಚ್ಚಿದ್ದವರು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ಮತ್ತು ಪುಣೆಯ ಐಯುಕಾವನ್ನು ನೋಡಬೇಕು. ಗಣಿತದವರಿಗೆ 1993ರಲ್ಲಿ ಶುರುವಾದ ಎಂಟಿಟಿಎಸ್ ಇದೆ. ಅದು ಸಂಶೋಧನೆಯಲ್ಲ, ನಾಲ್ಕು ವಾರಗಳ ಗಟ್ಟಿ ತರಬೇತಿ, ಆದರೂ ಬಿಡಬೇಡಿ. ಕಾನ್ಪುರ, ಮದ್ರಾಸ್, ಗಾಂಧಿನಗರದ ಐಐಟಿಗಳೂ ಹೊರಗಿನವರನ್ನು ಬೇಸಿಗೆಗೆ ತೆಗೆದುಕೊಂಡಿವೆ. ಇತಿಹಾಸ, ಸಮಾಜಶಾಸ್ತ್ರ ಓದುವವರಿಗೆ ಇಷ್ಟು ಬಾಗಿಲುಗಳಿಲ್ಲ. ಇದು ನ್ಯಾಯವಲ್ಲ, ಆದರೆ ಇರುವ ಸ್ಥಿತಿ ಇದು.

ಪಟ್ಟಿ ಮಾಡುವಾಗ ಸಂಸ್ಥೆಯ ಹೆಸರು, ಕೊನೆಯ ದಿನ, ಅರ್ಹತೆಯ ವರ್ಷ, ಬೇಕಾದ ದಾಖಲೆ, ಇಷ್ಟನ್ನೇ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಹಳೆಯ ಪ್ರಕಟಣೆ ನಂಬದೆ ಸಂಸ್ಥೆಯ ಜಾಲತಾಣವನ್ನೇ ನೋಡಿ.

ಒಂದು ಪುಟದ ಬರಹ

ಅರ್ಜಿಯಲ್ಲಿ ಅಂಕಪಟ್ಟಿ ಎಲ್ಲರದ್ದೂ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಬೇರೆಯಾಗಿ ಕಾಣುವುದು ‘ಏನು ಮಾಡಬಯಸುತ್ತೀರಿ’ ಎಂದು ಕೇಳುವ ಪುಟ್ಟ ಬರಹ. ನಮ್ಮ ಮಕ್ಕಳು ಎಡವುವುದು ಇಲ್ಲೇ. ‘ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ...’ ಎಂದು ಶುರುವಾಗುವ ಬರಹವನ್ನು ಓದುವವರು ಎರಡನೇ ಸಾಲಿಗೆ ಹೋಗುವುದಿಲ್ಲ.

ತೀರ್ಥಹಳ್ಳಿಯ ಕಡೆಯ ಒಬ್ಬ ಬಿಎಸ್‌ಸಿ ವಿದ್ಯಾರ್ಥಿನಿ ಬರೆಯುತ್ತಿದ್ದಾಳೆ ಎಂದುಕೊಳ್ಳಿ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಬರುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಾಳೆ. ರೋಗ ತರುವ ಫೈಟಾಫ್ತೊರಾ ನೋಡಲು ಶಿಲೀಂಧ್ರದಂತಿದ್ದರೂ ನಿಜವಾದ ಶಿಲೀಂಧ್ರವಲ್ಲ. ಅದರ ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಇದೆ, ಅದರ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಇದಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣದ ತಾಮ್ರ ಆ ಬೀಜಕಣಗಳನ್ನು ಎಷ್ಟರ ಮಟ್ಟಿಗೆ ತಡೆಯುತ್ತದೆ? ಜೋರು ಮಳೆಗೆ ತೊಳೆದುಹೋದ ಮೇಲೆ ಕಾಯಿಯ ಮೇಲೆ ಎಷ್ಟು ತಾಮ್ರ ಉಳಿಯುತ್ತದೆ? ಇದನ್ನು ಅಳೆಯುವ ವಿಧಾನ ಕಲಿಯಬೇಕು ಎಂದು ಬರೆದರೆ ಸಾಕು, ಓದುವ ವಿಜ್ಞಾನಿ ನೆಟ್ಟಗೆ ಕೂರುತ್ತಾರೆ. ಕೊನೆಗೆ ಆಕೆಗೆ ಸಿಗುವ ಪ್ರಾಜೆಕ್ಟ್ ಅಡಿಕೆಯದ್ದೇ ಆಗಬೇಕೆಂದಿಲ್ಲ. ಪ್ರಶ್ನೆ ಕೇಳಲು ಬರುತ್ತದೆ ಎಂಬುದಕ್ಕೆ ಸಾಕ್ಷಿ ಸಿಕ್ಕರೆ ಆಯಿತು.

ಬರಹವನ್ನು ಮೊದಲು ಕನ್ನಡದಲ್ಲಿ ಯೋಚಿಸಿ ಬರೆದುಕೊಳ್ಳಿ, ಆಮೇಲೆ ಇಂಗ್ಲಿಷಿಗೆ ತನ್ನಿ. ಅಲಂಕಾರದ ಇಂಗ್ಲಿಷ್ ಬೇಕಿಲ್ಲ, ಸಣ್ಣ ವಾಕ್ಯಗಳು ಸಾಕು. ಚಾಟ್‌ಬಾಟ್‌ನಿಂದ ಬರೆಸಿದ್ದು ನೂರು ಅರ್ಜಿಗಳಲ್ಲಿ ಒಂದೇ ದನಿಯಲ್ಲಿ ಕೇಳಿಸುತ್ತದೆ.

ಶಿಫಾರಸು ಪತ್ರ

ಪ್ರಾಂಶುಪಾಲರ ಸಹಿಗಿಂತ ನಿಮ್ಮನ್ನು ಪ್ರಾಕ್ಟಿಕಲ್ ತರಗತಿಯಲ್ಲಿ ನೋಡಿದ ಅಧ್ಯಾಪಕರ ನಾಲ್ಕು ಮಾತಿಗೆ ತೂಕ ಹೆಚ್ಚು. ಕನಿಷ್ಠ ಮೂರು ವಾರ ಮೊದಲೇ ಕೇಳಿ, ನಿಮ್ಮ ಬರಹದ ಪ್ರತಿ ಕೊಡಿ. ಪತ್ರ ಆನ್‌ಲೈನ್‌ನಲ್ಲಿ ಹೋಗಬೇಕಾದರೆ ಅವರಿಗೆ ಬಂದ ಇಮೇಲ್ ಸ್ಪ್ಯಾಮ್‌ಗೆ ಬಿದ್ದಿದೆಯೇ ಎಂದು ಪಕ್ಕದಲ್ಲೇ ಕೂತು ನೋಡಿಸಿ. ಅಧ್ಯಾಪಕರಿಗೂ ಒಂದು ಮಾತು: ‘ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ’ ಎನ್ನುವ ಅಭ್ಯಾಸ ಮಕ್ಕಳಿಗೆ ನಷ್ಟ ಮಾಡುತ್ತದೆ.

ನೇರವಾಗಿ ಪ್ರೊಫೆಸರ್‌ಗೆ ಬರೆಯುವುದು

ಯಾವ ಕಾರ್ಯಕ್ರಮಕ್ಕೂ ಆಯ್ಕೆಯಾಗದಿದ್ದರೆ ಜನವರಿ–ಫೆಬ್ರುವರಿಯಲ್ಲಿ ಇದೇ ದಾರಿ. ಇನ್‌ಸ್ಪೈರ್ ವಿದ್ಯಾರ್ಥಿವೇತನ ಇರುವವರಿಗೆ ಇಲ್ಲೊಂದು ಅನುಕೂಲವಿದೆ. ಅದರ ವರ್ಷದ 80,000 ರೂಪಾಯಿಯಲ್ಲಿ 20,000 ಮೀಸಲಿರುವುದು ಬೇಸಿಗೆ ಸಂಶೋಧನೆಗೇ. ‘ನನಗೆ ಈ ನೆರವು ಇದೆ, ಮಾರ್ಗದರ್ಶನ ಬೇಕು’ ಎಂದು ಮೊದಲ ಸಾಲಿನಲ್ಲೇ ಹೇಳಿದರೆ ಸ್ಟೈಪೆಂಡ್‌ಗೆ ಹಣ ಎಲ್ಲಿಂದ ತರುವುದೆಂಬ ಚಿಂತೆ ಪ್ರೊಫೆಸರ್‌ಗೆ ಇರುವುದಿಲ್ಲ.

ಒಂದೇ ಇಮೇಲ್ ಅನ್ನು ಐವತ್ತು ಜನರಿಗೆ ಕಳಿಸಬೇಡಿ. ಮಹಿಳಾ ಪ್ರೊಫೆಸರ್‌ಗೆ ‘ಡಿಯರ್ ಸರ್’ ಎಂದು ಹೋಗುವುದು ಹೀಗೆಯೇ. ಅವರ ಒಂದು ಪ್ರಬಂಧದ ಸಾರಾಂಶ ಓದಿ, ಅದರಲ್ಲಿ ಅರ್ಥವಾದದ್ದು, ಆಗದ್ದು ಎರಡನ್ನೂ ಒಂದೊಂದು ವಾಕ್ಯದಲ್ಲಿ ಬರೆಯಿರಿ. ಎರಡು ವಾರ ಕಾದು ಒಮ್ಮೆ ನೆನಪಿಸಿ. ಮತ್ತೆ ಉತ್ತರವಿಲ್ಲದಿದ್ದರೆ ಮುಂದಿನವರತ್ತ ಹೋಗಿ.

ವಿದೇಶದ ಬಗ್ಗೆ ಚುಟುಕಾಗಿ: ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಹಣ ಕೊಡುವ ಆರ್‌ಇಯು ಎಂಬ ಬೇಸಿಗೆ ಸಂಶೋಧನಾ ಕಾರ್ಯಕ್ರಮ ಅಲ್ಲಿನ ಪೌರರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮೀಸಲು. ಅಲ್ಲಿರುವ ನಿಮ್ಮ ಚಿಕ್ಕಪ್ಪನ ಮಗಳಿಗೆ ಸಿಕ್ಕಿದ್ದು ಇಲ್ಲಿಂದ ಅರ್ಜಿ ಹಾಕಿದರೆ ಸಿಗುವುದಿಲ್ಲ.

ಆಯ್ಕೆಯಾದ ಮೇಲೆ

ದಿನಾಂಕವೇ ದೊಡ್ಡ ತಲೆನೋವು. ನಮ್ಮ ವಿಶ್ವವಿದ್ಯಾಲಯಗಳ ಸೆಮಿಸ್ಟರ್ ಪರೀಕ್ಷೆಗಳು ಜೂನ್, ಜುಲೈವರೆಗೂ ಎಳೆಯುತ್ತವೆ. ಆಯ್ಕೆ ಪತ್ರ ಬಂದ ವಾರದಲ್ಲೇ ಮಾರ್ಗದರ್ಶಕರಿಗೆ ಇದನ್ನು ತಿಳಿಸಿ. ಒಪ್ಪಿದ ದಿನಾಂಕ ಇಮೇಲ್‌ನಲ್ಲಿ ಇರಲಿ. ಎರಡು ಕಡೆ ಆಯ್ಕೆಯಾದರೆ ಒಂದನ್ನು ತಕ್ಷಣ ಬಿಟ್ಟುಕೊಡಿ, ಕಾಯುವ ಪಟ್ಟಿಯಲ್ಲಿರುವ ಇನ್ನೊಬ್ಬರ ಬೇಸಿಗೆ ಉಳಿಯುತ್ತದೆ.

ಸ್ಟೈಪೆಂಡ್ ಕೈಗೆ ಬರುವುದು ತಡವಾಗಬಹುದು. ಮೊದಲ ತಿಂಗಳ ಊಟ, ಓಡಾಟದ ಖರ್ಚನ್ನು ಮನೆಯಿಂದಲೇ ಹೊಂದಿಸಿಕೊಂಡು ಹೋಗಿ. ಹಾಸ್ಟೆಲ್ ಕೊಡುತ್ತಾರೆಯೇ ಎಂದು ಮುಂಚೆಯೇ ಕೇಳಿ, ಬೆಂಗಳೂರಿನ ಪಿಜಿಯ ಅಡ್ವಾನ್ಸ್ ಸ್ಟೈಪೆಂಡನ್ನೇ ನುಂಗಬಲ್ಲದು. ರೈಲು ಟಿಕೆಟ್ ಎಸೆಯಬೇಡಿ, ಪ್ರಯಾಣದ ವೆಚ್ಚ ಕೇಳುವಾಗ ಬೇಕಾಗಬಹುದು. ಲ್ಯಾಬಿನಲ್ಲಿ ದಿನವೂ ನೋಟ್‌ಬುಕ್ ಬರೆಯಿರಿ, ಕೆಟ್ಟ ಪ್ರಯೋಗವನ್ನೂ ಸೇರಿಸಿ. ಕೊನೆಯ ವರದಿ ಅದರಿಂದಲೇ ಹುಟ್ಟುತ್ತದೆ.

ಇನ್ನು, ‘ರಿಸರ್ಚ್ ಇಂಟರ್ನ್‌ಶಿಪ್, ಸೀಮಿತ ಸೀಟು, ಇಂದೇ ಶುಲ್ಕ ಕಟ್ಟಿ’ ಎಂಬ ಜಾಹೀರಾತುಗಳು ಮಾರ್ಚ್‌ನಿಂದ ಫೋನಿಗೆ ಬರುತ್ತಲೇ ಇರುತ್ತವೆ. ಮೇಲೆ ಹೇಳಿದ ಫೆಲೋಶಿಪ್‌ಗಳಲ್ಲಿ ಹಣ ಸಂಸ್ಥೆಯಿಂದ ವಿದ್ಯಾರ್ಥಿಗೆ ಬರುತ್ತದೆ. ವಿದ್ಯಾರ್ಥಿಯಿಂದಲೇ ಸಾವಿರಗಟ್ಟಲೆ ಕೇಳುವವರು ಮಾರುತ್ತಿರುವುದು ಪ್ರಮಾಣಪತ್ರವನ್ನು ಮಾತ್ರ. ಅವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.