ಗೌಪ್ಯತೆಯೋ ಖಾಸಗಿತನವೋ: ಡಿಜಿಟಲ್ ವ್ಯವಹಾರದ ಪರಿಭಾಷೆ – ಒಂದು ವಿವೇಚನೆ

ಪೀಠಿಕೆ

ಬೆಳಗಾವಿಯ ಮಹಾಂತೇಶ ನಗರದಂತಹ ಬಡಾವಣೆಯಲ್ಲಿ ಔಷಧಿ ಕೊಳ್ಳುವುದು, ಗ್ಯಾಸ್ ಸಿಲಿಂಡರ್ ಕಾದಿರಿಸುವುದು, ಕಾಯಿಪಲ್ಲೆಗೆ ಹಣ ಕೊಡುವುದು ಇವೆಲ್ಲವೂ ಇಂದು ಮೊಬೈಲಿನ ಮೂಲಕ ನಡೆಯುತ್ತವೆ. ಇಂಥ ವ್ಯವಹಾರಗಳಲ್ಲಿ ಬಳಕೆದಾರರ ಹೆಸರು, ದೂರವಾಣಿ ಸಂಖ್ಯೆ, ಕೊಂಡ ವಸ್ತು, ಕೊಟ್ಟ ಹಣ ಮೊದಲಾದ ವಿವರಗಳು ದಾಖಲಾಗುತ್ತ ಹೋಗುತ್ತವೆ. ಇಂತಹ ಮಾಹಿತಿಯ ಮೇಲೆ ವ್ಯಕ್ತಿಗಿರುವ ಹಕ್ಕನ್ನು ಒಳಗೊಳ್ಳುವ 'ಪ್ರೈವೆಸಿ' ಎಂಬ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ 'ಗೌಪ್ಯತೆ', 'ಖಾಸಗಿತನ' ಎಂಬೆರಡು ಪದಗಳು ಭೇದವಿಲ್ಲದೆ ಬಳಕೆಯಾಗುತ್ತಿವೆ. ಇವೆರಡರ ಅರ್ಥಭೇದವನ್ನೂ ಆ ಭೇದದ ವ್ಯಾವಹಾರಿಕ ಮಹತ್ವವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪದಗಳ ಹಿನ್ನೆಲೆ

'ಗೌಪ್ಯತೆ'ಯ ಮೂಲ ಸಂಸ್ಕೃತದ 'ಗುಪ್' ಧಾತು. ಗುಪ್ತ, ಗೋಪ್ಯ ಎಂಬ ಪದಗಳೂ ಇದರಿಂದಲೇ ಬಂದವು. ವ್ಯಾಕರಣದೃಷ್ಟಿಯಿಂದ 'ಗೋಪ್ಯತೆ'ಯೇ ಸಾಧುರೂಪವಾದರೂ ಬಳಕೆಯಲ್ಲಿ 'ಗೌಪ್ಯತೆ' ನೆಲೆಯೂರಿದೆ. ರೂಪ ಯಾವುದಾದರೂ ಅದರ ಇಂದಿನ ಅರ್ಥ ಮರೆಮಾಡುವುದು ಎಂಬುದೇ ಆಗಿದೆ.

'ಖಾಸಗಿ' ಎಂಬುದು ಅರಬ್ಬಿಯ 'ಖಾಸ್' ಎಂಬುದರಿಂದ ಬಂದ ಪದ. ಮರಾಠಿಯಲ್ಲಿಯೂ ಇದು 'ಖಾಸಗಿ', 'ಖಾಜಗಿ' ಎಂದು ಬಳಕೆಯಲ್ಲಿರುವುದರಿಂದ ಬೆಳಗಾವಿ, ಖಾನಾಪುರಗಳ ಉಭಯಭಾಷಿಕರಿಗೆ ಸಮಾನ ಸ್ವತ್ತಾಗಿದೆ. ಹೋಳ್ಕರ್ ಸಂಸ್ಥಾನದಲ್ಲಿ ರಾಜಮನೆತನದ ಸ್ವಂತ ಬೊಕ್ಕಸಕ್ಕೆ 'ಖಾಸಗಿ' ಎಂದು ಹೆಸರಿತ್ತು. ಆ ಬೊಕ್ಕಸ ಇರುವುದು ಎಲ್ಲರಿಗೂ ತಿಳಿದಿದ್ದರೂ ಅದರ ವಿನಿಯೋಗದ ಅಧಿಕಾರ ಮನೆತನದ್ದೇ ಆಗಿತ್ತು. ಎಂದಮೇಲೆ 'ಗೌಪ್ಯತೆ' ಮರೆಯನ್ನು ಸೂಚಿಸಿದರೆ, 'ಖಾಸಗಿತನ' ಒಡೆತನವನ್ನು ಸೂಚಿಸುತ್ತದೆ. ದೂರವಾಣಿ ಸಂಖ್ಯೆ ನೆರೆಹೊರೆಯವರಿಗೆಲ್ಲ ಗೊತ್ತಿರಬಹುದು. ಆದ್ದರಿಂದ ಅದು ಗೌಪ್ಯವಲ್ಲ. ಆದರೆ ಔಷಧಿ ಅಂಗಡಿಯಲ್ಲಿ ಕೊಟ್ಟ ಸಂಖ್ಯೆ ಸಾಲ ನೀಡುವವರ ಕೈಸೇರಿದರೆ ಖಾಸಗಿತನಕ್ಕೆ ಧಕ್ಕೆಯಾಗುತ್ತದೆ. "ತಪ್ಪು ಮಾಡದವರಿಗೆ ಮುಚ್ಚಿಡುವುದೇನಿದೆ?" ಎಂಬ ಆಕ್ಷೇಪಕ್ಕೆ ಆಸ್ಪದ ನೀಡುವುದು ಮೊದಲನೆಯ ಪದ, ಎರಡನೆಯದರ ಮುಂದೆ ಆ ಆಕ್ಷೇಪ ನಿಲ್ಲಲಾರದು.

ನ್ಯಾಯಾಲಯದ ನಿಲುವು

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಆ ಪ್ರಕರಣದಲ್ಲಿ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ವ್ಯಕ್ತಿಯು ಸಾರ್ವಜನಿಕ ಸ್ಥಳದಲ್ಲಿದ್ದ ಮಾತ್ರಕ್ಕೆ ಈ ಹಕ್ಕು ನಷ್ಟವಾಗದೆಂದೂ, ತನ್ನ ಕುರಿತ ಮಾಹಿತಿಯ ಮೇಲಿನ ಹಿಡಿತ ಇದರ ಒಂದು ಅಂಗವೆಂದೂ ಅಲ್ಲಿ ವಿವೇಚಿಸಲಾಗಿದೆ. ಈ ವಿವೇಚನೆಗೆ ಹೊಂದುವ ಕನ್ನಡ ಪದ 'ಖಾಸಗಿತನ'ವೇ ಆಗಿದೆ.

ಖಾನಾಪುರದ ನಿದರ್ಶನ

ಈ ಭೇದ ಕೇವಲ ನಿಘಂಟಿನದಲ್ಲ. 2025ರ ಮಾರ್ಚಿನಲ್ಲಿ ಖಾನಾಪುರ ತಾಲೂಕಿನ ವೃದ್ಧ ದಂಪತಿಗಳು ಅಧಿಕಾರಿಗಳ ಸೋಗುಹಾಕಿದ ವಂಚಕರಿಗೆ ಲಕ್ಷಾಂತರ ರೂಪಾಯಿ ತೆತ್ತು, ಕಾಟ ತಾಳಲಾರದೆ ಪ್ರಾಣ ಕಳೆದುಕೊಂಡರು. 'ಡಿಜಿಟಲ್ ಅರೆಸ್ಟ್' ಎಂಬ ಈ ಬಗೆಯ ವಂಚನೆಯಲ್ಲಿ, ಬಲಿಯಾದವರ ಹೆಸರಿನ ಸಿಮ್ ಅಥವಾ ಬ್ಯಾಂಕ್ ಖಾತೆ ಅಪರಾಧಕ್ಕೆ ಬಳಕೆಯಾಗಿದೆಯೆಂದು ಬೆದರಿಸಿ, ವಿಷಯವನ್ನು ಯಾರಿಗೂ ಹೇಳಕೂಡದೆಂದು ಕಟ್ಟಪ್ಪಣೆ ಮಾಡಲಾಗುತ್ತದೆ. ಭಾರತದ ಕಾನೂನಿನಲ್ಲಿ ಇಂತಹ ಬಂಧನವೇ ಇಲ್ಲ. ವಂಚಕರು ವ್ಯಕ್ತಿಯ ಖಾಸಗಿತನವನ್ನು ಸೂರೆಗೊಳ್ಳುತ್ತಾರೆ. ಅದನ್ನು ಸಾಧಿಸಲು ಅವರ ಮೇಲೆಯೇ ಗೌಪ್ಯತೆಯನ್ನು ಹೇರುತ್ತಾರೆ. ಇಂಥ ವೇಳೆ ರಕ್ಷಣೆ ಇರುವುದು ಮನೆಯವರಿಗೆ, ನೆರೆಯವರಿಗೆ, 1930 ಸಹಾಯವಾಣಿಗೆ ಕೂಡಲೇ ತಿಳಿಸುವುದರಲ್ಲಿ. ಗುಟ್ಟು ಕಾಯುವುದೇ ಸುರಕ್ಷತೆಯೆಂದು ಕಲಿಸುವ ಪರಿಭಾಷೆ ಇಲ್ಲಿ ಅಪಾಯಕಾರಿಯಾಗುತ್ತದೆ. ಪಿನ್, ಒಟಿಪಿಗಳು ಗೌಪ್ಯವಾಗಿರಬೇಕು, ಬೆದರಿಕೆ ಗೌಪ್ಯವಾಗಿರಬಾರದು.

ಒಪ್ಪಿಗೆಯ ಭಾಷೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಪ್ರಕಾರ ಒಪ್ಪಿಗೆಯು ಸ್ವತಂತ್ರವೂ ನಿರ್ದಿಷ್ಟವೂ ತಿಳಿವಳಿಕೆಯಿಂದ ಕೂಡಿದ್ದೂ ಆಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಬರಬೇಕು. ಒಪ್ಪಿಗೆಯ ಕೋರಿಕೆಯನ್ನು ಸರಳ ಭಾಷೆಯಲ್ಲಿ, ಇಂಗ್ಲಿಷಿನಲ್ಲಾಗಲಿ ಸಂವಿಧಾನದ 8ನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಇರಬೇಕು. ಬೆಳಗಾವಿ ಸೀಮೆಯ ಕನ್ನಡ, ಮರಾಠಿ, ಉರ್ದು, ಕೊಂಕಣಿ ನಾಲ್ಕೂ ಆ ಅನುಸೂಚಿಯಲ್ಲಿವೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಒಪ್ಪಿಗೆಗೆ ಸಂಬಂಧಿಸಿದ ಕಟ್ಟುಪಾಡುಗಳ ಜಾರಿಗೆ 18 ತಿಂಗಳ ಅವಕಾಶ ನೀಡಲಾಯಿತು. ಇಂಗ್ಲಿಷ್ ವಾಕ್ಯವನ್ನು ಪದಶಃ ಕನ್ನಡಿಸಿದ ಸೂಚನೆ ಅರ್ಥವಾಗದೆ ಹೋದರೆ, ಗುಂಡಿ ಒತ್ತಿದ ಬೆರಳು ಒಪ್ಪಿದಂತಾಗುವುದೇ ಹೊರತು ಮನಸ್ಸು ಒಪ್ಪಿದಂತಾಗುವುದಿಲ್ಲ.

ಉಪಸಂಹಾರ

ಅಡಗಿಸಿಡಬೇಕಾದ ಸಂಗತಿಗೆ 'ಗೌಪ್ಯತೆ', ತನ್ನ ಮಾಹಿತಿಯ ಮೇಲಿನ ಅಧಿಕಾರಕ್ಕೆ 'ಖಾಸಗಿತನ', ಅರಿತು ನೀಡುವ ಸಮ್ಮತಿಗೆ 'ಒಪ್ಪಿಗೆ' ಎಂಬ ವಿಂಗಡಣೆಯನ್ನು ಪಠ್ಯಗಳಲ್ಲಿಯೂ ಅನುವಾದಗಳಲ್ಲಿಯೂ ಪಾಲಿಸುವುದು ಯುಕ್ತ. ಪರಿಭಾಷಾ ರಚನೆಯನ್ನು ತಂತ್ರಜ್ಞರಿಗಷ್ಟೇ ಬಿಡದೆ, ಸೂಚನೆಗಳ ಕನ್ನಡವನ್ನು ಸಾಮಾನ್ಯ ಓದುಗರ ಮುಂದಿಟ್ಟು ಪರೀಕ್ಷಿಸುವ ಹೊಣೆಯನ್ನು ಕನ್ನಡ ಅಧ್ಯಯನ ವಿಭಾಗಗಳು ಹೊರಬೇಕಾಗಿದೆ.