ಎನ್‌ಪಿಎಂ ಫಂಡ್: ಯಾರ ಋಣದಲ್ಲಿದ್ದೇವೆ ನಾವು?

ಮಿನಿ ಪ್ರಾಜೆಕ್ಟ್‌ಗೆ ನಾವು ‘ಎಕ್ಸ್‌ಪ್ರೆಸ್’ ಅನ್ನೋ ಒಂದೇ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದರೂ, ಅದರ ಬೆನ್ನಿಗೆ ಹತ್ತಾರು ಪ್ಯಾಕೇಜ್‌ಗಳು ಬಂದು ಕೂರುತ್ತವೆ. ಎಲ್ಲವೂ ಪುಕ್ಕಟೆ. ಬರೆದವರು ಯಾರು?

ಪ್ರಾಜೆಕ್ಟ್ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು ‘ಎನ್‌ಪಿಎಂ ಫಂಡ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡೋಣ. 2019ರಲ್ಲಿ ಬಂದ ಈ ಕಮಾಂಡ್, ನೆರವು ಕೇಳಿರುವ ಪ್ಯಾಕೇಜ್‌ಗಳನ್ನೂ ಅವುಗಳ ದೇಣಿಗೆ ಪುಟದ ವಿಳಾಸಗಳನ್ನೂ ಪಟ್ಟಿ ಮಾಡುತ್ತದೆ. ಜೊತೆಗೆ ಒಂದು ಪ್ಯಾಕೇಜಿನ ಹೆಸರು ಕೊಟ್ಟರೆ ಆ ಪುಟವನ್ನೇ ಬ್ರೌಸರ್‌ನಲ್ಲಿ ತೆರೆಯುತ್ತದೆ. ದುಡ್ಡು ತಾನಾಗಿ ಕಟ್ ಆಗಲ್ಲ. ಕೊಡೋದು, ಬಿಡೋದು ನಮ್ಮ ಕೈಲಿದೆ. ಪಿಎಚ್‌ಪಿ ಬಳಸೋರಿಗೆ ಇದೇ ಕೆಲಸಕ್ಕೆ ‘ಕಂಪೋಸರ್ ಫಂಡ್’ ಇದೆ.

ಇದರ ಅಗತ್ಯ ಏನು? 2014ರಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ, ಜಗತ್ತಿನ ಲಕ್ಷಾಂತರ ಸರ್ವರ್‌ಗಳನ್ನು ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್‌ಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಮಾತ್ರ ಅಂತ ಗೊತ್ತಾಯಿತು.

ನಮ್ಮ ಬೆಂಗಳೂರಿನ ಜೆರೋಧಾ 2024ರಲ್ಲಿ ‘ಫ್ಲಾಸ್ ಫಂಡ್’ ಶುರು ಮಾಡಿ, ಇಂಥ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ತೆಗೆದಿಟ್ಟಿತು. ಅದು ದೊಡ್ಡವರ ಲೆಕ್ಕ. ನಮ್ಮ ಲೆಕ್ಕ ಹದಡಿ ರಸ್ತೆಯಲ್ಲಿ ಸಂಜೆ ತಿನ್ನೋ ಮಂಡಕ್ಕಿ-ಮಿರ್ಚಿಯಷ್ಟು.

ಆದರೆ ಐವತ್ತು ರೂಪಾಯಿಯನ್ನು ಹೊರದೇಶಕ್ಕೆ ಕಳಿಸಿದರೆ ಶುಲ್ಕವೇ ಬಹುಪಾಲು ನುಂಗಬಹುದು. ಹಾಗಾಗಿ ತರಗತಿಯವರೆಲ್ಲ ಸೇರಿಸಿ, ಒಂದೇ ಪ್ಯಾಕೇಜ್ ಆರಿಸಿ, ವರ್ಷಕ್ಕೊಮ್ಮೆ ಒಟ್ಟಿಗೆ ಕಳಿಸೋದು ಲೇಸು. ದುಡ್ಡಿಲ್ಲದಿದ್ದರೆ ಆ ಪ್ಯಾಕೇಜಿನ ಡಾಕ್ಯುಮೆಂಟೇಶನ್‌ನಲ್ಲಿರುವ ತಪ್ಪು ತಿದ್ದಿ ಕಳಿಸಿದರೂ ಆದೀತು.

ಮುಂದಿನ ಪ್ರಾಜೆಕ್ಟ್ ರಿಪೋರ್ಟ್‌ನ ಕೃತಜ್ಞತೆ ಪುಟದಲ್ಲಿ ಗೈಡ್ ಹೆಸರಿನ ಕೆಳಗೆ ಈ ಪಟ್ಟಿಯನ್ನೂ ಸೇರಿಸೋಣ.