ಅಕ್ಷರಗಳಿಗೊಂದು ಜರಡಿ

ರಾಯಚೂರು ಜಿಲ್ಲೆಯ ಮೂರು ಊರುಗಳ ಹೆಸರನ್ನು ತೆಗೆದುಕೊಳ್ಳೋಣ: ಸಿಂಧನೂರು, ಲಿಂಗಸುಗೂರು, ಮಸ್ಕಿ. ಬರೆಯುವವರ ಕೈಯಲ್ಲಿ ಮೊದಲನೆಯದು ‘ಸಿಂದನೂರು’ ಆಗುವುದುಂಟು. ಎರಡನೆಯದು ‘ಲಿಂಗಸಗೂರು’, ‘ಲಿಂಗಸೂರು’ ಎಂದೂ, ಮೂರನೆಯದು ‘ಮಾಸ್ಕಿ’ ಎಂದೂ ಕಾಣಿಸಿಕೊಳ್ಳುವುದುಂಟು. ಓದುವ ಮನುಷ್ಯನಿಗೆ ಇದರಿಂದ ತೊಡಕಿಲ್ಲ. ಗಣಕಯಂತ್ರಕ್ಕಾದರೋ ಒಂದು ಅಕ್ಷರ ಬದಲಾದರೆ ಊರೇ ಬೇರೆ! ಸಾವಿರಾರು ರೈತರ ಪಟ್ಟಿಯಲ್ಲಿ ‘ಸಿಂಧನೂರು’ ಎಂದು ಹುಡುಕಿದರೆ, ‘ಸಿಂದನೂರು’ ಎಂದು ದಾಖಲಾದವರು ಲೆಕ್ಕದಿಂದ ಹೊರಗುಳಿಯುತ್ತಾರೆ. ತಪ್ಪು ಅಕ್ಷರದ್ದು, ನಷ್ಟ ರೈತನದು.

ಇದಕ್ಕೆ ಪರಿಹಾರವೇ ‘ರೆಗ್ಯುಲರ್ ಎಕ್ಸ್‌ಪ್ರೆಶನ್’. ನಾವಿಲ್ಲಿ ಅದನ್ನು ಮಾದರಿಸೂತ್ರವೆಂದು ಕರೆಯೋಣ. ಇದರ ಗಣಿತವನ್ನು ಅಮೆರಿಕದ ಸ್ಟೀಫನ್ ಕ್ಲೇನಿ ಎಂಬ ತರ್ಕಶಾಸ್ತ್ರಜ್ಞರು ರೂಪಿಸಿದರು. ಅವರ ಲೇಖನ 1956ರಲ್ಲಿ ಪ್ರಕಟವಾಯಿತು. ಅದನ್ನು ಬರಹದಲ್ಲಿ ಹುಡುಕುವ ಸಾಧನವಾಗಿ ಬಳಸುವ ಕ್ರಮವನ್ನು ಕೆನ್ ಥಾಂಪ್ಸನ್ 1968ರಲ್ಲಿ ವಿವರಿಸಿದರು. ಒಂದು ಪದಕ್ಕೆ ಬದಲಾಗಿ ಪದದ ಅಚ್ಚನ್ನು ಕೊಡುವುದೇ ಇದರ ತಿರುಳು.

ಚೌಕ ಆವರಣದೊಳಗಿನ ಅಕ್ಷರಗಳಲ್ಲಿ ಯಾವುದಾದರೂ ಒಂದಿರಬಹುದು ಎಂಬುದು ಮೊದಲ ನಿಯಮ. ಆದುದರಿಂದ ಸಿಂ[ದಧ]ನೂರು ಎಂಬ ಸೂತ್ರಕ್ಕೆ ಎರಡು ರೂಪಗಳೂ ಸಿಕ್ಕುತ್ತವೆ. ನಿಲುಗೆರೆಗೆ ‘ಅಥವಾ’ ಎಂಬ ಅರ್ಥ. ಹಾಗಾಗಿ ಲಿಂಗ(ಸುಗೂ|ಸಗೂ|ಸೂ)ರು ಎಂದರೆ ಮೂರೂ ರೂಪಗಳು ಬಲೆಗೆ ಬೀಳುತ್ತವೆ. ಪ್ರಶ್ನಾರ್ಥಕ ಚಿಹ್ನೆಯು ತನ್ನ ಹಿಂದಿನದು ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎನ್ನುತ್ತದೆ.

ಇಲ್ಲಿ ಕನ್ನಡದ ವಿಶೇಷವೊಂದಿದೆ. ಶಾಲೆಯ ಮಗು ಕಾಗುಣಿತವನ್ನು ಬಿಡಿಸಿ ಹೇಳುವಂತೆ, ಯೂನಿಕೋಡ್ ಪದ್ಧತಿಯಲ್ಲಿ ಗಣಕವು ‘ಮಾ’ ಎಂಬುದನ್ನು ‘ಮ’ ಮತ್ತು ಅದರ ದೀರ್ಘಚಿಹ್ನೆ ಎಂದು ಎರಡಾಗಿ ಇಟ್ಟುಕೊಳ್ಳುತ್ತದೆ. ಆದುದರಿಂದ ಮಾ?ಸ್ಕಿ ಎಂದು ಬರೆದರೆ ಐಚ್ಛಿಕವಾಗುವುದು ದೀರ್ಘವೊಂದೇ. ‘ಮಸ್ಕಿ’, ‘ಮಾಸ್ಕಿ’ ಎರಡೂ ದೊರೆಯುತ್ತವೆ.

ವಿಭಕ್ತಿ ಪ್ರತ್ಯಯಗಳ ಸಮಸ್ಯೆಗೂ ಪರಿಹಾರ ಇದರಲ್ಲೇ ಇದೆ. ‘ಸಿಂದನೂರಿಗೆ’ ಎಂಬಲ್ಲಿ ‘ರು’ ಹೋಗಿ ‘ರಿ’ ಬಂದಿರುವುದರಿಂದ ಮೇಲಿನ ಸೂತ್ರಕ್ಕೆ ಅದು ಸಿಕ್ಕದು. ಸೂತ್ರವನ್ನು ‘ರ’ಕಾರಕ್ಕೇ ನಿಲ್ಲಿಸಿ ಸಿಂ[ದಧ]ನೂರ ಎಂದು ಹುಡುಕಿ, ‘ಸಿಂಧನೂರ’ ಎಂದು ಬದಲಾಯಿಸಬೇಕು. ಮುಂದಿನ ಸ್ವರಚಿಹ್ನೆಯೂ ಪ್ರತ್ಯಯವೂ ಇದ್ದಲ್ಲೇ ಉಳಿದು ‘ಸಿಂಧನೂರಿಗೆ’ ಎಂದಾಗುತ್ತದೆ.

ಆದರೆ ಜರಡಿಗೆ ಅರ್ಥಜ್ಞಾನವಿಲ್ಲ. ಚುಕ್ಕಿಗೆ ‘ಯಾವುದೇ ಒಂದು ಚಿಹ್ನೆ’ ಎಂಬ ಅರ್ಥವಿದೆಯೆಂದು ಮಸ್ಕ. ಎಂದು ಹುಡುಕಿ ‘ಮಸ್ಕಿ’ ಎಂದು ಬದಲಾಯಿಸಿದರೆ, ಪತ್ರದ ಕೊನೆಯ ‘ನಮಸ್ಕಾರ’ವು ‘ನಮಸ್ಕಿರ’ವಾಗುತ್ತದೆ! ಬಿಗಿಯಾದ ಮಾ?ಸ್ಕಿ ಸೂತ್ರವೂ ಮುಖಕ್ಕೆ ಹಾಕುವ ‘ಮಾಸ್ಕಿನ ಬೆಲೆ’ಯನ್ನು ‘ಮಸ್ಕಿನ ಬೆಲೆ’ಯಾಗಿಸೀತು. ಆದುದರಿಂದ ಮೊದಲು ಮೂಲದ ಪ್ರತಿಯೊಂದನ್ನು ತೆಗೆದಿಡಬೇಕು, ಬಳಿಕ ಬರಿದೇ ಹುಡುಕಿ, ಸಿಕ್ಕಿದ್ದನ್ನೆಲ್ಲ ಕಣ್ಣಾರೆ ನೋಡಬೇಕು, ಕೊನೆಗಷ್ಟೇ ಬದಲಾಯಿಸಬೇಕು.

ಈ ಎಚ್ಚರಿಕೆಯ ಪಾಠವನ್ನು ಮಸ್ಕಿಯ ಬಂಡೆಯೂ ಹೇಳುತ್ತದೆ. ಬ್ರಾಹ್ಮಿ ಲಿಪಿಯನ್ನು ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ‘ದೇವಾನಾಂಪಿಯ’ ಎಂಬ ಬಿರುದನ್ನು ಹಲವು ಶಾಸನಗಳಲ್ಲಿ ಕಂಡು, ಆ ರಾಜನು ಸಿಂಹಳದವನೆಂದು ಮೊದಲು ತಿಳಿದಿದ್ದರು. ಅಲ್ಲಿನ ತಿಸ್ಸನಿಗೂ ಅದೇ ಬಿರುದಿತ್ತು. ಆತ ಅಶೋಕನೇ ಇರಬೇಕೆಂದು ಗ್ರಂಥಗಳ ಆಧಾರದಿಂದ ಬೇಗನೆ ಊಹಿಸಲಾಯಿತು. ಆದರೆ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರು ಶಾಸನವೊಂದರಲ್ಲಿ ಮೊದಲು ಸಿಕ್ಕಿದ್ದು 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರು ಮಸ್ಕಿಯ ಶಾಸನವನ್ನು ಗುರುತಿಸಿದಾಗ.

ಹಾಗೆಂದು ‘ದೇವಾನಾಂಪಿಯ’ ಇದ್ದಲ್ಲೆಲ್ಲ ‘ಅಶೋಕ’ ಎಂದು ತಿದ್ದಬಹುದೇ? ಕೂಡದು. ತಿಸ್ಸನೂ, ಅಶೋಕನ ಮೊಮ್ಮಗ ದಶರಥನೂ ಅದೇ ಬಿರುದನ್ನು ಧರಿಸಿದ್ದವರು. ಹಾಗೆಯೇ, ಮಸ್ಕಿಯು ಈಗ ತಾಲ್ಲೂಕಾಗಿದ್ದರೂ, ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿತ್ತೆಂಬ ಹಳೆಯ ದಾಖಲೆಯನ್ನು ಅಳಿಸುವಂತಿಲ್ಲ. ಅದು ತನ್ನ ಕಾಲಕ್ಕೆ ಸತ್ಯವೇ. ರೂಪವನ್ನು ಹುಡುಕಿ ಕೊಡುವುದು ಯಂತ್ರದ ಕೆಲಸ. ಅರ್ಥವನ್ನು ನಿರ್ಣಯಿಸುವುದು ಮನುಷ್ಯನ ಹೊಣೆ.